ಜಪಾನಿನ ಅತಿಥಿಗೆ ಶಿಡ್ಲಘಟ್ಟದಲ್ಲಿ ಏನು ತೋರಿಸಬಹುದು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಅಪ್ಪ ರೀಲರ್, ರೇಷ್ಮೆ ನೂಲು ಬಿಚ್ಚಿಸುತ್ತಾರೆ. ನಾನು ಟ್ಯಾಕ್ಸಿ ಓಡಿಸುತ್ತೇನೆ. ನರಸಾಪುರ, ದೇವನಹಳ್ಳಿ ಕಡೆಯ ಕಂಪನಿಗಳಿಗೆ ಕೆಲಸದ ಮೇಲೆ ಬಂದಿರುವ ಜಪಾನಿನವರನ್ನು ರಜೆ ದಿನ ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಬೆಟ್ಟ ಇಳಿದ ಮೇಲೆ ‘ಇಲ್ಲಿ ಇನ್ನೇನಿದೆ?’ ಅಂತ ಕೇಳುತ್ತಾರೆ. ನನಗೆ ಏನು ಹೇಳಬೇಕೋ ತೋಚುವುದಿಲ್ಲ. ಟಿವಿಯಲ್ಲಿ ಭಾರತ–ಜಪಾನ್ ಸ್ನೇಹ, ಪ್ರವಾಸೋದ್ಯಮ ವರ್ಷ ಅಂತೆಲ್ಲ ತೋರಿಸುತ್ತಾರೆ. ಆ ಸ್ನೇಹದಿಂದ ನಮ್ಮ ಜಿಲ್ಲೆಗೆ ಏನಾದರೂ ಬಂದಿದೆಯಾ ಸರ್? ಇನ್ನು ಮುಂದಾದರೂ ಬರುತ್ತದೆಯಾ? ನನಗೂ ಒಂದು ಸಲ ಜಪಾನ್ ನೋಡುವ ಆಸೆ ಇದೆ. ನಮ್ಮಂಥವರಿಗೆ ವೀಸಾ ಸಿಗುತ್ತದೆಯಾ?

ಉತ್ತರ: ಬಂದಿದೆ. ನಿಮ್ಮ ಮನೆಯೊಳಗೇ ಬಂದಿದೆ. ಟಿವಿಯವರು ಅದನ್ನು ತೋರಿಸಲಿಲ್ಲ, ಅಷ್ಟೇ.

ನಿಮ್ಮ ತಂದೆಯವರನ್ನು ಒಂದು ಮಾತು ಕೇಳಿ. ಹಿಂದೆ ಗೂಡು ಮಾರುಕಟ್ಟೆಗೆ ಬರುತ್ತಿದ್ದುದು ಬಹುಪಾಲು ಹಳದಿ ಗೂಡು. ಬಿಳಿ ಗೂಡು ಯಾವಾಗಿನಿಂದ ಜಾಸ್ತಿ ಆಯ್ತು ಅಂತ ಕೇಳಿ ನೋಡಿ. ಆ ಬಿಳಿ ಗೂಡಿನ ಹಿಂದೆ ಜಪಾನಿನ ದೊಡ್ಡ ಪಾಲಿದೆ. 1991ರಲ್ಲಿ ಜಪಾನ್ ಸರ್ಕಾರದ ಜೈಕಾ ಸಂಸ್ಥೆ ನಮ್ಮ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ದ್ವಿತಳಿ ರೇಷ್ಮೆಯ (ವರ್ಷಕ್ಕೆ ಎರಡು ಪೀಳಿಗೆ ಕಾಣುವ, ಬಿಳಿ ಗೂಡು ಕಟ್ಟುವ ಹುಳುವಿನ) ಯೋಜನೆ ಶುರು ಮಾಡಿತು. ಮೂರು ಹಂತಗಳಲ್ಲಿ 2007ರವರೆಗೆ ಅದು ನಡೆಯಿತು. ಜಪಾನಿನ ರೇಷ್ಮೆ ತಜ್ಞರು ಮೈಸೂರಿಗೆ ಬಂದು, ಅಲ್ಲಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ನಿಮ್ಮ ಕಡೆಯ ರೈತರು ‘ಸಿಎಸ್‌ಆರ್’ ಅಂತ ಕರೆಯುವ ತಳಿಗಳು ಬೆಳೆದು ರೈತರ ಕೈ ಸೇರಿದ್ದು ಆ ಕಾಲದಲ್ಲಿ.

ತಳಿ ಒಂದೇ ಅಲ್ಲ, ಸಾಕುವ ರೀತಿಯೂ ಬದಲಾಯಿತು. ಮನುಷ್ಯರು ಮಲಗುವ ಮನೆಯಲ್ಲೇ ಹುಳು ಸಾಕಬೇಡಿ, ಹುಳು ಮನೆ ಬೇರೆ ಕಟ್ಟಿ ಅಂದರು. ಸೊಪ್ಪು ಬಿಡಿಸಿ ಹೆಚ್ಚಿ ಹಾಕುವ ಬದಲು ಹಿಪ್ಪುನೇರಳೆಯ ರೆಂಬೆಯನ್ನೇ ಹಾಸಿ ಅಂದರು. ಬೆಳೆ ಮುಗಿದ ಮೇಲೆ ಹುಳು ಮನೆಯನ್ನು ತೊಳೆದು ಸೋಂಕು ಕಳೆಯುವ ಶಿಸ್ತು ಹೇಳಿಕೊಟ್ಟರು. ಒಳ್ಳೆಯ ದ್ವಿತಳಿ ಗೂಡಿನಿಂದ ಒಂದೇ ಎಳೆ ಸಾವಿರ ಮೀಟರಿಗೂ ಉದ್ದ ಬಿಚ್ಚುತ್ತದೆ. ಅದು ರೀಲರಿಗೆ ಎಷ್ಟು ದೊಡ್ಡ ವಿಷಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೂ ಹಿಂದಕ್ಕೆ ಹೋಗಬಹುದು. ನಮ್ಮ ಮೈಸೂರು ತಳಿಯ ಜೊತೆ ಬೆರೆಸಿ ದಶಕಗಳ ಕಾಲ ಮಿಶ್ರ ತಳಿ ಮೊಟ್ಟೆ ಮಾಡುತ್ತಿದ್ದುದು ‘ಸಿ. ನಿಚಿ’ ಎನ್ನುವ ಜಪಾನ್ ತಳಿಯಿಂದ. ಹಳಬರಿಗೆ ಈ ಹೆಸರು ಈಗಲೂ ನೆನಪಿರುತ್ತದೆ. ಇನ್ನೂ ಹಿಂದೆ, 1890ರ ದಶಕದ ಕೊನೆಯಲ್ಲಿ, ಜಮ್‌ಸೆಟ್‌ಜಿ ಟಾಟಾ ಅವರು ಜಪಾನಿನ ರೇಷ್ಮೆ ಕೆಲಸ ಬಲ್ಲವರನ್ನು ಕರೆಸಿ ಬೆಂಗಳೂರಿನಲ್ಲಿ ಒಂದು ತೋಟ ಮಾಡಿಸಿದರು. ಬಸವನಗುಡಿ ಹತ್ತಿರದ ಆ ಜಾಗಕ್ಕೆ ಈಗಲೂ ಟಾಟಾ ಸಿಲ್ಕ್ ಫಾರ್ಮ್ ಅಂತಲೇ ಹೆಸರು. ಅದೇ ಸುಮಾರಿಗೆ, 1898ರಲ್ಲಿ, ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಒಬ್ಬ ಎಂಜಿನಿಯರ್ ಜಪಾನ್ ನೋಡಲು ಹೋದರು. ಅಲ್ಲಿನ ಶಾಲೆ, ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಅವರು ಎಂ. ವಿಶ್ವೇಶ್ವರಯ್ಯ. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆ, ಶಿಕ್ಷಣ ಎಂದು ಅವರು ಹಟ ಹಿಡಿದು ಮಾಡಿದ ಕೆಲಸಗಳ ಹಿಂದೆ ಆ ಪ್ರವಾಸದ ಪ್ರಭಾವ ಇತ್ತು.

ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1952ರ ಏಪ್ರಿಲ್ 28ರಂದು. ಅಂದರೆ ನಿಮ್ಮ ಸೀಮೆಗೂ ಜಪಾನಿಗೂ ನಂಟು ಬೆಳೆದು ಅರ್ಧ ಶತಮಾನ ಆದ ಮೇಲೆ ಸರ್ಕಾರಗಳ ಸಹಿ ಬಿತ್ತು.

ಇಲ್ಲಿ ಒಂದು ಕಥೆ ಹೇಳಲೇಬೇಕು. ಕನ್ನಡಿಗರಿಗೆ ಇದು ಇಷ್ಟು ಕಡಿಮೆ ಗೊತ್ತಿರುವುದು ನನಗೆ ನಿಜಕ್ಕೂ ಬೇಸರ. ಎರಡನೇ ಮಹಾಯುದ್ಧದ ಸಮಯದಲ್ಲಿ ಟೋಕಿಯೊದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಲಾಯಿತು. ಬಾಂಬ್ ಬಿದ್ದು ಪ್ರಾಣಿಗಳು ತಪ್ಪಿಸಿಕೊಂಡರೆ ಅಪಾಯ ಎಂಬ ಕಾರಣಕ್ಕೆ 1943ರಲ್ಲಿ ಅಧಿಕಾರಿಗಳು ಹಾಗೆ ಆದೇಶಿಸಿದ್ದರು. ಯುದ್ಧ ಮುಗಿದಾಗ ಆ ಊರಿನ ಮಕ್ಕಳಿಗೆ ನೋಡಲು ಒಂದು ಆನೆಯೂ ಉಳಿದಿರಲಿಲ್ಲ. ಮಕ್ಕಳು ನೆಹರೂ ಅವರಿಗೆ ಪತ್ರ ಬರೆದರು. ನೆಹರೂ 1949ರಲ್ಲಿ ಒಂದು ಹೆಣ್ಣಾನೆಯನ್ನು ಕಳಿಸಿ, ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು: ಇಂದಿರಾ. ಆ ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ಅರ್ಥವಾಗುತ್ತಿದ್ದುದು ಕನ್ನಡದ ಆಜ್ಞೆಗಳು ಮಾತ್ರ. ಜೊತೆಯಲ್ಲಿ ಹೋಗಿದ್ದ ಮಾವುತರಿಂದ ಉಯೆನೊದ ಜಪಾನಿ ಪಾಲಕರು ಆ ಕನ್ನಡ ಮಾತುಗಳನ್ನು ಕಲಿತುಕೊಂಡರು. ಇಂದಿರಾ 1983ರವರೆಗೆ ಬದುಕಿತು. ಟೋಕಿಯೊದ ಒಂದಿಡೀ ತಲೆಮಾರು ಆ ಆನೆಯನ್ನು ನೋಡಿ ಬೆಳೆಯಿತು. ಅರವತ್ತು ದಾಟಿದ ಜಪಾನಿ ಅತಿಥಿ ನಿಮ್ಮ ಕಾರು ಹತ್ತಿದರೆ ಇದನ್ನು ಕೇಳಿ ನೋಡಿ. ಅವರ ಮುಖವೇ ಬದಲಾಗಬಹುದು.

ಇನ್ನು ಸರ್ಕಾರಗಳ ಮಟ್ಟದ ಸ್ನೇಹ. ಅದನ್ನು ನಾನು ಹಗುರ ಮಾಡುವುದಿಲ್ಲ. 1952ರ ಜೂನ್‌ನಲ್ಲಿ ಭಾರತ ಜಪಾನಿನ ಜೊತೆ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡು, ಯುದ್ಧದ ಪರಿಹಾರ ಬೇಡ ಎಂದಿತು. ಸೋತು ಕೂತಿದ್ದ ದೇಶಕ್ಕೆ ಅದು ದೊಡ್ಡ ಮಾತು. 1958ರಲ್ಲಿ ಜಪಾನ್ ತನ್ನ ಮೊಟ್ಟಮೊದಲ ಯೆನ್ ಸಾಲ ಕೊಟ್ಟದ್ದು ಭಾರತಕ್ಕೇ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಗೆ, ನಮ್ಮ ಮೆಟ್ರೋದ ಮೊದಲ ಹಂತಕ್ಕೆ ಜಪಾನಿನ ಸಾಲ ಇದೆ. ಈ ನಂಟು ಯಾವಾಗಲೂ ಬೆಚ್ಚಗೇ ಇರಲಿಲ್ಲ ಅನ್ನೋದೂ ನಿಜ. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದಾಗ ಜಪಾನ್ ಹೊಸ ಸಾಲಗಳನ್ನು ತಡೆಹಿಡಿಯಿತು. ಅದು ತೆರವಾದದ್ದು 2001ರಲ್ಲಿ. ಅಣುಬಾಂಬ್ ಬಿದ್ದ ದೇಶ ಅದು. ಅವರ ಕೋಪಕ್ಕೆ ಕಾರಣ ಇತ್ತು.

ಪ್ರವಾಸದ ವಿಷಯಕ್ಕೆ ಬಂದರೆ, 2023–24ನ್ನು ಎರಡೂ ಸರ್ಕಾರಗಳು ಪ್ರವಾಸ ವಿನಿಮಯದ ವರ್ಷ ಎಂದು ಘೋಷಿಸಿದವು. ಹಿಮಾಲಯವನ್ನು ಫುಜಿ ಪರ್ವತದ ಜೊತೆ ಜೋಡಿಸುವುದು ಅದರ ಘೋಷವಾಕ್ಯ. ಚೆನ್ನಾಗಿದೆ. ಆದರೆ ಇಂಥ ವರ್ಷಗಳಿಂದ ಜಿಲ್ಲೆಯ ಮಟ್ಟಕ್ಕೆ ಇಳಿಯುವುದು ಕಡಿಮೆ. ಪೋಸ್ಟರು, ಉತ್ಸವ, ಟೂರ್ ಕಂಪನಿಗಳ ಸಭೆ, ಅಲ್ಲಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ನಿಜವಾಗಿ ಜನರನ್ನು ಓಡಾಡಿಸುವುದು ಎರಡು ಸಂಗತಿ: ವೀಸಾ ಮತ್ತು ವಿಮಾನ. ಭಾರತಕ್ಕೆ ಬಂದಿಳಿದ ಮೇಲೆ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುವ ಸೌಲಭ್ಯ ಬೆರಳೆಣಿಕೆಯ ದೇಶಗಳ ಜನರಿಗೆ ಮಾತ್ರ ಇದೆ. 2010ರಲ್ಲಿ ಅದು ಶುರುವಾದಾಗಲೇ ಆ ಪಟ್ಟಿಯಲ್ಲಿ ಜಪಾನ್ ಇತ್ತು. ಟೋಕಿಯೊದ ನರಿಟಾದಿಂದ ಬೆಂಗಳೂರಿಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವೂ ಬಂದಿದೆ. ಈ ವಿಮಾನ ಇಳಿಯುವುದು ಎಲ್ಲಿ? ದೇವನಹಳ್ಳಿಯಲ್ಲಿ. ಬೆಂಗಳೂರಿನ ಮೆಜೆಸ್ಟಿಕ್‌ಗೆ ಹೋಗುವಷ್ಟರಲ್ಲಿ ನಂದಿಯ ಬುಡಕ್ಕೆ ಬಂದುಬಿಡಬಹುದು. ಆ ವಿಮಾನ ನಿಲ್ದಾಣದ ಬಾಗಿಲಿಗೆ ಅಂಟಿಕೊಂಡ ಜಿಲ್ಲೆ ನಿಮ್ಮದು.

ಹಾಗಿದ್ದೂ ಜಪಾನಿನ ಪ್ರವಾಸಿಗಳು ಯಾಕೆ ದೆಹಲಿ, ಆಗ್ರಾ, ವಾರಾಣಸಿ, ಬೋಧಗಯಾ ಕಡೆಗೇ ಹೋಗುತ್ತಾರೆ? ಬುದ್ಧನ ಜಾಗಗಳು ಅಲ್ಲಿವೆ ಎನ್ನುವುದು ಮೊದಲ ಕಾರಣ. ಹಣವೂ ಅಲ್ಲೇ ಹರಿದಿದೆ. ಅಜಂತಾ–ಎಲ್ಲೋರಾದ ಸಂರಕ್ಷಣೆಗೆ, ಉತ್ತರ ಪ್ರದೇಶದ ಬೌದ್ಧ ಕ್ಷೇತ್ರಗಳ ರಸ್ತೆ–ಸೌಲಭ್ಯಗಳಿಗೆ ಜಪಾನ್ ಸಾಲ ಕೊಟ್ಟಿದೆ. ಟೂರ್ ಕಂಪನಿಗಳಿಗೆ ಆ ದಾರಿ ರೂಢಿಯಾಗಿದೆ. ಅದನ್ನು ಬದಲಿಸುವುದು ನಿಮ್ಮ ಕೈಲಿ ಇಲ್ಲ, ನನ್ನ ಕೈಲೂ ಇಲ್ಲ. ನಮ್ಮ ಕಡೆ ಪ್ರವಾಸೋದ್ಯಮದ ಸಭೆಗಳಲ್ಲಿ ಪ್ರತಿ ಸಲವೂ ‘ವಿದೇಶಿ ಪ್ರವಾಸಿಗಳನ್ನು ಸೆಳೆಯಬೇಕು’ ಅನ್ನುತ್ತಾರೆ. ಈಗಾಗಲೇ ಇಲ್ಲೇ ಇರುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಇದೆ. ತುಮಕೂರಿನ ವಸಂತನರಸಾಪುರದಲ್ಲಿ ಜಪಾನ್ ಕಂಪನಿಗಳಿಗೆಂದೇ ಜಾಗ ಗುರುತಿಸಿದ್ದಾರೆ. ಬಿಡದಿಯಲ್ಲಿ ಟೊಯೋಟಾ ಇದೆ. ಬೆಂಗಳೂರಿನಲ್ಲಿ ನೂರಾರು ಜಪಾನ್ ಕಂಪನಿಗಳ ಕಚೇರಿ ಇವೆ. ಅಲ್ಲಿ ಕೆಲಸ ಮಾಡುವ ಜಪಾನಿಯರು ಎರಡು–ಮೂರು ವರ್ಷ ಇಲ್ಲೇ ಇರುತ್ತಾರೆ. ಹೆಂಡತಿ ಮಕ್ಕಳು ಜೊತೆಗಿರುತ್ತಾರೆ. ಊರಿನಿಂದ ಅಪ್ಪ ಅಮ್ಮ ಬಂದು ಹೋಗುತ್ತಾರೆ. ಭಾನುವಾರ ಬಂದರೆ ಎಲ್ಲಿಗೆ ಹೋಗುವುದು ಎಂಬ ಚಿಂತೆ ಅವರಿಗೆ. ನಿಮ್ಮ ಜಿಲ್ಲೆಗೆ ಬರುವ ಜಪಾನಿ ಪ್ರವಾಸಿ ಎಂದರೆ ಇವರೇ. ಅವರು ಆಗಲೇ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ‘ಇನ್ನೇನಿದೆ?’ ಅಂತ ಕೇಳುತ್ತಿದ್ದಾರೆ.

ಅದಕ್ಕೆ ನನ್ನ ಉತ್ತರ: ರೇಷ್ಮೆ ತೋರಿಸಿ.

ಯಾಕೆ ಅಂತ ಹೇಳುತ್ತೇನೆ. ಜಪಾನಿನ ಗುನ್ಮಾ ಎಂಬ ಪ್ರಾಂತ್ಯದಲ್ಲಿ ತೋಮಿಯೊಕಾ ಅಂತ ಒಂದು ಊರಿದೆ. ಅಲ್ಲಿ 1872ರಲ್ಲಿ ಜಪಾನ್ ಸರ್ಕಾರ ಒಂದು ದೊಡ್ಡ ನೂಲು ಬಿಚ್ಚುವ ಕಾರ್ಖಾನೆ ಕಟ್ಟಿಸಿತು. ಆಗ ಜಪಾನಿನ ರೇಷ್ಮೆಗೆ ಹೊರಗೆ ಬೇಡಿಕೆ ಇತ್ತು, ಗುಣಮಟ್ಟ ಸಾಲುತ್ತಿರಲಿಲ್ಲ. ಫ್ರಾನ್ಸಿನಿಂದ ಪೌಲ್ ಬ್ರೂನಾ ಎಂಬ ತಜ್ಞರನ್ನು ಕರೆಸಿ, ಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ಬಿಚ್ಚುವ 300 ಬೇಸಿನ್ (ತೊಟ್ಟಿ) ಕೂರಿಸಿ, ಬೇರೆ ಬೇರೆ ಊರುಗಳಿಂದ ಹುಡುಗಿಯರನ್ನು ಕರೆತಂದು ಕೆಲಸ ಕಲಿಸಿದರು. ಕಲಿತವರು ತಮ್ಮ ಊರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ಮುಂದೆ ಜಪಾನ್ ರೇಷ್ಮೆ ರಫ್ತಿನಲ್ಲಿ ಪ್ರಪಂಚಕ್ಕೇ ಮೊದಲನೆಯದಾಯಿತು. ಆ ಹಣದಿಂದ ದೇಶವೇ ಮೇಲೆದ್ದಿತು ಅಂದರೂ ತಪ್ಪಿಲ್ಲ. 1929ರ ಸುಮಾರಿಗೆ ಅಲ್ಲಿ 22 ಲಕ್ಷ ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ಆಮೇಲೆ ನೈಲಾನ್ ಬಂತು, ಯುದ್ಧ ಬಂತು, ಕೂಲಿ ಏರಿತು, ಚೀನಾದಿಂದ ಅಗ್ಗದ ರೇಷ್ಮೆ ಬಂತು. ಈಗ ಅಷ್ಟು ದೊಡ್ಡ ದೇಶದಲ್ಲಿ ಹುಳು ಸಾಕುವ ಮನೆಗಳು ನೂರರ ಲೆಕ್ಕಕ್ಕೆ ಇಳಿದಿವೆ. ತೋಮಿಯೊಕಾ ಕಾರ್ಖಾನೆ 1987ರಲ್ಲಿ ನಿಂತಿತು. ಅದರ ಮಾಲೀಕ ಕಂಪನಿ ಅದನ್ನು ಕೆಡವಲಿಲ್ಲ, ಮಾರಲೂ ಇಲ್ಲ. ಹದಿನೆಂಟು ವರ್ಷ ಸ್ವಂತ ಖರ್ಚಿನಲ್ಲಿ ಕಾಪಾಡಿ, 2005ರಲ್ಲಿ ಊರಿನ ಆಡಳಿತಕ್ಕೆ ಒಪ್ಪಿಸಿತು. 2014ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಎಂದು ಘೋಷಿಸಿತು. ಆ ಪಟ್ಟಿಯಲ್ಲಿ ಕಾರ್ಖಾನೆಯ ಜೊತೆಗೆ ಗಾಳಿಯಾಡುವಂತೆ ಕಟ್ಟಿದ ಒಬ್ಬ ರೈತನ ಹುಳು ಮನೆಯೂ ಇದೆ, ಹುಳು ಸಾಕಣೆ ಕಲಿಸುತ್ತಿದ್ದ ಒಂದು ಶಾಲೆಯೂ ಇದೆ, ಮೊಟ್ಟೆ ತಂಪಾಗಿಡಲು ಬಳಸುತ್ತಿದ್ದ ಬೆಟ್ಟದ ಸಂದಿಯೂ ಇದೆ.

ಈಗ ಯೋಚಿಸಿ. ಜಪಾನಿನವರು ಟಿಕೆಟ್ ತೆಗೆದುಕೊಂಡು ನಿಂತುಹೋದ ಯಂತ್ರಗಳನ್ನು ನೋಡಿ ಬರುತ್ತಾರೆ. ಅದೇ ಕೆಲಸ ನಿಮ್ಮ ಬೀದಿಯಲ್ಲಿ ಈಗಲೂ ನಡೆಯುತ್ತಿದೆ. ಏಷ್ಯಾದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಶಿಡ್ಲಘಟ್ಟವೂ ಒಂದು. ಬೆಳಿಗ್ಗೆ ಚೀಲಗಳಿಂದ ಗೂಡು ಸುರಿಯುವುದು, ರೀಲರುಗಳು ಕೈಗೆತ್ತಿಕೊಂಡು ಅಲುಗಾಡಿಸಿ ನೋಡುವುದು, ಹರಾಜು ನಡೆಯುವುದು, ಮಧ್ಯಾಹ್ನದೊಳಗೆ ಆ ಗೂಡು ಬೇಸಿನ್ ಮನೆ ಸೇರುವುದು. ನಿಮ್ಮ ಅತಿಥಿಗಳಲ್ಲಿ ಎಷ್ಟೋ ಜನರ ಅಜ್ಜಿ ಹಿಂದೆ ಹುಳು ಸಾಕಿದವರೇ ಆಗಿರುತ್ತಾರೆ. ನಾಗಾನೊ, ಗುನ್ಮಾ, ಸೈತಾಮಾ ಕಡೆಯವರಾದರಂತೂ ಕೇಳಲೇಬೇಡಿ. ಅಜ್ಜಿ ಹೇಳಿದ್ದನ್ನು ಕೇಳಿರುತ್ತಾರೆ, ಕಣ್ಣಾರೆ ಕಂಡಿರುವುದಿಲ್ಲ.

ಆದರೆ ಇದನ್ನು ನಾಳೆಯೇ ಸುಮ್ನೆ ಶುರು ಮಾಡಬೇಡಿ. ಕೆಲವು ವಿಷಯಗಳಲ್ಲಿ ನಾನು ಬಹಳ ಗಟ್ಟಿ.

ಮೊದಲನೆಯದು ಹುಳು ಮನೆ. ರೈತರ ಹುಳು ಮನೆಯೊಳಗೆ ಅತಿಥಿಗಳನ್ನು ನುಗ್ಗಿಸಬೇಡಿ. ಚಾಕಿ ಹುಳು, ಅಂದರೆ ಎಳೆಯ ಮರಿ ಹುಳು, ಇದ್ದರಂತೂ ಹತ್ತಿರವೂ ಬೇಡ. ಹೊರಗಿನವರ ಕಾಲಿನ ಮಣ್ಣು, ಕೈಯ ಸೋಂಕು ಒಂದು ಬೆಳೆಯನ್ನೇ ಹಾಳು ಮಾಡಬಲ್ಲದು. ಬಾಗಿಲು ತೆರೆದರೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಒಳಗೆ ಹೋಗುತ್ತದೆ. ಅತಿಥಿ ಹತ್ತು ನಿಮಿಷ ನೋಡಿ ಹೋಗುತ್ತಾರೆ, ರೈತ ಒಂದು ತಿಂಗಳ ದುಡಿಮೆ ಕಳೆದುಕೊಳ್ಳುತ್ತಾನೆ. ನೊಣದ ಜಾಲರಿಯ ಹೊರಗೆ ನಿಂತು ನೋಡಲಿ. ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳು ಸೊಪ್ಪು ತಿನ್ನುವ ಶಬ್ದ ಹೊರಗಿನಿಂದಲೇ ಕೇಳುತ್ತದೆ. ಮುಟ್ಟಿ ನೋಡಬೇಕೆಂದರೆ ರೈತರೇ ಗೂಡು ಕಟ್ಟಲು ತಯಾರಾದ ನಾಲ್ಕು ಹಣ್ಣು ಹುಳುವನ್ನು ತಟ್ಟೆಯಲ್ಲಿ ಹೊರಗೆ ತಂದು ತೋರಿಸಲಿ. ಅವನ್ನು ಮತ್ತೆ ಒಳಗೆ ಬಿಡುವುದು ಬೇಡ. ಜಪಾನಿನವರಿಗೆ ಈ ಕಾರಣ ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಈ ಶಿಸ್ತನ್ನು ನಮಗೆ ಹೇಳಿಕೊಟ್ಟವರಲ್ಲಿ ಅವರೂ ಇದ್ದರು.

ಎರಡನೆಯದು ಬೇಸಿನ್ ಮನೆ. ಅಲ್ಲಿ ಹಬೆ ಇರುತ್ತದೆ, ವಾಸನೆ ಇರುತ್ತದೆ, ನೆಲ ಒದ್ದೆ ಇರುತ್ತದೆ. ಬೆಂದ ಹುಳು ರಾಶಿ ಬಿದ್ದಿರುತ್ತದೆ. ಕಾರಿನಲ್ಲೇ ಇದನ್ನೆಲ್ಲ ಮೊದಲೇ ಹೇಳಿಬಿಡಿ. ಬೇಡ ಅನ್ನುವವರು ಬೇಡ ಅನ್ನಲಿ. ಎಲ್ಲರೂ ಮೂಗು ಮುಚ್ಚುತ್ತಾರೆ ಅಂದುಕೊಳ್ಳಬೇಡಿ. ನಾಗಾನೊ ಕಡೆ ಹಿಂದೆ ಆ ಹುಳುವನ್ನು ಸೋಯಾ ಸಾಸಿನಲ್ಲಿ ಬೇಯಿಸಿ ಊಟಕ್ಕೆ ಬಳಸುತ್ತಿದ್ದರು. ನನಗೆ ಹೆಚ್ಚು ಕಾಳಜಿ ಇರುವುದು ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬಗ್ಗೆ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಕೆಲಸ ಅದು. ಸಂಜೆಗೆ ಬೆರಳ ಚರ್ಮ ಬಿರಿದಿರುತ್ತದೆ. ಅವರನ್ನು ಕೇಳದೆ ಫೋಟೋ ತೆಗೆಯಲು ಬಿಡಬೇಡಿ. ಒಬ್ಬ ಅತಿಥಿಗೆ ಇಷ್ಟು ಅಂತ ದರ ಇಟ್ಟು, ಅದರಲ್ಲಿ ಒಂದು ಪಾಲು ಅವರ ಕೈಗೇ ಹೋಗುವಂತೆ ಮಾಲೀಕರ ಜೊತೆ ಮೊದಲೇ ಮಾತಾಡಿ. ಅವರಿಗೆ ಏನೂ ಸಿಗದೆ ಅವರ ದುಡಿಮೆಯನ್ನು ತೋರಿಸಿ ನಾವು ಹಣ ಮಾಡುವುದು ಸರಿಯಲ್ಲ. ಈ ಒಂದು ಮಾತನ್ನು ಒಪ್ಪದ ಮಾಲೀಕರ ಹತ್ತಿರ ಹೋಗಲೇಬೇಡಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಕೆಲಸಕ್ಕಿರುವ ಘಟಕಕ್ಕಂತೂ ಕಾಲೇ ಇಡಬೇಡಿ.

ನಿಮ್ಮ ತಂದೆಯವರ ಘಟಕದಿಂದಲೇ ಶುರು ಮಾಡಬಹುದು. ಅವರು ಒಂದು ಗೂಡು ಕೈಗೆತ್ತಿಕೊಂಡು ಎಳೆಯ ತುದಿ ಹಿಡಿದು ತೋರಿಸಲಿ. ಎಂಟು–ಹತ್ತು ಗೂಡಿನ ಎಳೆ ಸೇರಿ ಒಂದು ದಾರ ಆಗುವುದನ್ನು ತೋರಿಸಲಿ. ಅತಿಥಿಯೇ ಒಂದು ಸಲ ಕೈಯಾರೆ ಸುತ್ತಿ ನೋಡಲಿ. ಸಣ್ಣ ಲಡಿಯೊಂದನ್ನು ಕೊಂಡು ಹೋಗುವಂತೆ ಇಡಿ. ಅರ್ಧ ಗಂಟೆ ಸಾಕು. ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಅಂತ ನಿಮ್ಮ ತಂದೆ ಹಿಂಜರಿಯಬಹುದು. ಕೈ ಮಾಡುವುದನ್ನು ನೋಡಲು ಬಂದವರಿಗೆ ಮಾತು ಜಾಸ್ತಿ ಬೇಕಾಗುವುದಿಲ್ಲ. ಹೆಸರುಗಳು, ಅಂಕಿಗಳು, ವರ್ಷಗಳು ಇರುವ ಒಂದು ಪುಟವನ್ನು ಜಪಾನಿ ಬಲ್ಲವರಿಂದ ಬರೆಸಿ ಕಾರಿನಲ್ಲಿ ಇಟ್ಟುಕೊಳ್ಳಿ. ಫೋನಿನ ಅನುವಾದವನ್ನು ಪೂರ್ತಿ ನಂಬಬೇಡಿ.

ದಿನವನ್ನು ಹೀಗೆ ಜೋಡಿಸಬಹುದು. ಹರಾಜು ನೋಡಬೇಕೆಂದರೆ ಬೆಳಿಗ್ಗೆ ನೇರ ಶಿಡ್ಲಘಟ್ಟಕ್ಕೆ ಬನ್ನಿ, ಮಾರುಕಟ್ಟೆಯ ಅಧಿಕಾರಿಗಳ ಅನುಮತಿ ಮೊದಲೇ ಪಡೆದಿರಿ. ಅದು ವ್ಯಾಪಾರದ ಜಾಗ, ಹರಾಜಿನ ನಡುವೆ ಅಡ್ಡ ನಿಲ್ಲಬಾರದು. ಭಾನುವಾರಕ್ಕಿಂತ ಶನಿವಾರ ಒಳ್ಳೆಯದು. ಭಾನುವಾರ ನಂದಿಬೆಟ್ಟದ ದಾರಿಯ ಗತಿ ನಿಮಗೇ ಗೊತ್ತಲ್ವಾ. ಮಧ್ಯಾಹ್ನ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಮನೆ, ಸಮಾಧಿ ಅಲ್ಲಿವೆ. ನಿಮ್ಮ ಅತಿಥಿಗಳಲ್ಲಿ ಅರ್ಧದಷ್ಟು ಎಂಜಿನಿಯರುಗಳೇ ಇರುತ್ತಾರೆ. 1898ರಲ್ಲೇ ತಮ್ಮ ದೇಶ ನೋಡಲು ಬಂದಿದ್ದ ಎಂಜಿನಿಯರ್‌ನ ಊರು ಎಂದರೆ ಅವರಿಗೆ ಅದು ಬೇರೆಯೇ ಆಗಿ ಕಾಣುತ್ತದೆ. ಸಂಜೆ ಹೊತ್ತಿಗೆ ನಂದಿ ಗ್ರಾಮದ ಭೋಗನಂದೀಶ್ವರ. ಬೆಟ್ಟ ಹತ್ತುವವರಲ್ಲಿ ಬಹಳ ಜನ ಬುಡದಲ್ಲಿರುವ ಈ ದೇವಾಲಯವನ್ನು ನೋಡದೇ ಹೋಗುತ್ತಾರೆ. ಸಾವಿರ ವರ್ಷಕ್ಕೂ ಹಳೆಯದು, ಕಲ್ಯಾಣಿ ತುಂಬ ಚೆಂದ, ಜನವೂ ಕಡಿಮೆ. ನನ್ನನ್ನು ಕೇಳಿದರೆ ಬೆಟ್ಟಕ್ಕಿಂತ ಇದೇ ಮೇಲು. ಚಪ್ಪಲಿ ಬಿಡುವುದು ಅವರಿಗೆ ಹೊಸದಲ್ಲ, ತಮ್ಮ ಮನೆಯಲ್ಲೂ ಬಿಡುತ್ತಾರೆ. ದೇವರುಗಳೂ ಪೂರ್ತಿ ಅಪರಿಚಿತರಲ್ಲ. ನಮ್ಮ ಸರಸ್ವತಿ ಅಲ್ಲಿ ಬೆಂಜೈತೆನ್, ಗಣಪತಿ ಕಂಗಿತೆನ್. ಬೌದ್ಧ ಧರ್ಮದ ಜೊತೆ ಹೋಗಿ ಅಲ್ಲೇ ನೆಲೆಸಿದವರು.

ಕೋಲಾರದ ಕಡೆಯಿಂದ ಬರುವ ಅತಿಥಿಗಳಿದ್ದರೆ ಕೋಲಾರಮ್ಮ, ಸೋಮೇಶ್ವರ, ಅಂತರಗಂಗೆ, ಆವಣಿ ಇವೆ. ಅದು ಇನ್ನೊಂದು ದಿನಕ್ಕಿರಲಿ. ಒಂದೇ ದಿನಕ್ಕೆ ಎಲ್ಲವನ್ನೂ ತುರುಕಬೇಡಿ.

ಸಣ್ಣ ಸಣ್ಣ ವಿಷಯಗಳು ಬಹಳ ಮುಖ್ಯ. ಎಂಟಕ್ಕೆ ಅಂದರೆ ಎಂಟಕ್ಕೆ ಹೊರಡಿ. ಎಲ್ಲ ಖರ್ಚನ್ನೂ ಹಿಂದಿನ ದಿನವೇ ಬರೆದು ಕಳಿಸಿ, ಆಮೇಲೆ ಒಂದು ರೂಪಾಯಿಯನ್ನೂ ಸೇರಿಸಬೇಡಿ. ಶುಚಿಯಾದ ಶೌಚಾಲಯ ದಾರಿಯಲ್ಲಿ ಎಲ್ಲೆಲ್ಲಿದೆ ಅಂತ ನೀವೇ ಮೊದಲು ನೋಡಿಟ್ಟುಕೊಂಡಿರಿ. ಹೆಂಗಸರು, ವಯಸ್ಸಾದವರು ಬರಲು ಹಿಂಜರಿಯುವುದು ಬಹುಪಾಲು ಇದೊಂದಕ್ಕೇ. ಊಟಕ್ಕೆ ಮುದ್ದೆ, ಬಸ್ಸಾರು ಕೊಡಿಸಬಹುದು, ಖಾರ ಕಡಿಮೆ ಮಾಡಿಸಿ. ಇನ್ನೊಂದು ಮಾತು. ಚಿಕ್ಕಬಳ್ಳಾಪುರ ಹೂವಿನ ಸೀಮೆ, ಅತಿಥಿಗೆ ಸೇವಂತಿಗೆ ಹಾರ ಹಾಕೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಸೇವಂತಿಗೆ ಜಪಾನಿನ ರಾಜಮನೆತನದ ಗುರುತು ಹೌದು, ಅವರ ಪಾಸ್‌ಪೋರ್ಟ್ ಮೇಲೂ ಅದೇ ಹೂವಿದೆ. ಆದರೆ ಬಿಳಿ ಸೇವಂತಿಗೆಯನ್ನು ಅಲ್ಲಿ ಸಾವಿನ ಮನೆಗೆ ಒಯ್ಯುತ್ತಾರೆ. ಗುಲಾಬಿ ಕೊಡಿ, ಅದೂ ನಿಮ್ಮಲ್ಲೇ ಬೆಳೆಯುತ್ತದೆ.

ಸ್ವಲ್ಪ ಜಪಾನಿ ಕಲಿತರೆ ತುಂಬ ಉಪಯೋಗ. ಬೆಂಗಳೂರಿನಲ್ಲಿ ತರಗತಿಗಳಿವೆ, ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯೂ ಅಲ್ಲೇ ನಡೆಯುತ್ತದೆ. ಮೊದಲ ಮಟ್ಟ ಎನ್5. ಟ್ಯಾಕ್ಸಿ ಓಡಿಸುತ್ತಲೇ ಅಷ್ಟನ್ನು ಕಲಿಯಬಹುದು.

ಇನ್ನು ನಿಮ್ಮ ಪ್ರಯಾಣ. ವೀಸಾ ಸಿಗುತ್ತದೆ. ಜಪಾನಿನ ದೂತಾವಾಸ ಬೆಂಗಳೂರಿನಲ್ಲೇ ಇದೆ. ಅರ್ಜಿಯನ್ನು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಕೊಡಬೇಕು. 2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗಳಿಗೆ ಇ–ವೀಸಾ ಬಂದಿದೆ, ಅದು ಕೂಡ ಈ ಕೇಂದ್ರದ ಮೂಲಕವೇ. ಕೆಲಸ ಇರುವವರಿಗೆ ಸಂಬಳದ ಚೀಟಿ ಇರುತ್ತದೆ, ಸ್ವಂತ ದುಡಿಮೆಯವರು ಎಡವುವುದು ಅಲ್ಲೇ. ನೀವು ಈ ವರ್ಷದಿಂದಲೇ ಆದಾಯ ತೆರಿಗೆ ರಿಟರ್ನ್ಸ್ ಹಾಕಿ, ತೆರಿಗೆ ಬೀಳದಿದ್ದರೂ ಹಾಕಿ. ಬಾಡಿಗೆ ಹಣ ಬ್ಯಾಂಕ್ ಖಾತೆಗೇ ಬರಲಿ. ಅರ್ಜಿ ಹಾಕುವ ವಾರದಲ್ಲಿ ಯಾರಿಂದಲೋ ಸಾಲ ತಂದು ಖಾತೆ ತುಂಬಿಸಬೇಡಿ, ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಯಾವ ದಿನ ಎಲ್ಲಿರುತ್ತೀರಿ ಎಂಬ ಪಟ್ಟಿಯನ್ನು ನಿಜವಾಗಿ ಮಾಡಿ, ಏಜೆಂಟ್ ಕೊಟ್ಟ ಸಿದ್ಧ ಪಟ್ಟಿಯನ್ನು ಹಾಗೇ ಲಗತ್ತಿಸಬೇಡಿ. ಶುಲ್ಕ ಎಷ್ಟು ಎಂದು ಅರ್ಜಿಗೆ ಮುಂಚೆ ಕೇಂದ್ರದಲ್ಲೇ ವಿಚಾರಿಸಿ. 2024ರಲ್ಲಿ ಜಪಾನಿಗೆ ಹೋದ ವಿದೇಶಿಯರು ಸುಮಾರು 3.69 ಕೋಟಿ. ಅದರಲ್ಲಿ ಭಾರತದವರು 2.33 ಲಕ್ಷ ಮಾತ್ರ. ನೂರಕ್ಕೆ ಒಬ್ಬರೂ ಇಲ್ಲ. ನಮ್ಮಿಂದ ಇನ್ನೂ ಎಷ್ಟೋ ಜನ ಹೋಗಬಹುದು.

ಟೋಕಿಯೊದಲ್ಲಿ ಉಯೆನೊ ಹತ್ತಿರ ಉಳಿದುಕೊಳ್ಳಿ. ಇಂದಿರಾ ಇದ್ದ ಮೃಗಾಲಯ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಅದೇ ನಿಲ್ದಾಣದಿಂದ ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಿದರೆ ತಕಾಸಾಕಿ. ಅಲ್ಲಿ ಇಳಿದು ಜೋಶಿನ್ ಮಾರ್ಗದ ಸಣ್ಣ ರೈಲು ಹಿಡಿದರೆ ಸುಮಾರು ನಲವತ್ತು ನಿಮಿಷಕ್ಕೆ ಜೋಶು–ತೋಮಿಯೊಕಾ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಆ ಕಾರ್ಖಾನೆಯ ಹಳೆಯ ಯಂತ್ರಗಳನ್ನು ನೋಡಿದರೆ, ಶಿಡ್ಲಘಟ್ಟಕ್ಕೆ ಬರುವ ಅತಿಥಿಗೆ ಏನು ತೋರಿಸಬೇಕು, ಹೇಗೆ ತೋರಿಸಬೇಕು ಅನ್ನೋದು ನಾನು ಬರೆದದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಆಗುವುದಾದರೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಅವರು ನೋಡುವುದು ಬೇರೆ, ನೀವು ನೋಡುವುದು ಬೇರೆ. ಮಾರ್ಚ್ ಕೊನೆ–ಏಪ್ರಿಲ್ ಶುರುವಿನಲ್ಲಿ ಸಕುರಾ ಹೂವಿಗೆಂದು ಪ್ರಪಂಚವೇ ಅಲ್ಲಿರುತ್ತದೆ, ರೂಮಿನ ಬಾಡಿಗೆ ಏರಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರದೇ ರಜೆಗಳು, ರೈಲು ತುಂಬಿರುತ್ತದೆ. ನವೆಂಬರ್ ಆರಿಸಿಕೊಳ್ಳಿ. ಮಳೆ ಕಡಿಮೆ, ಚಳಿ ನಮ್ಮ ನಂದಿಬೆಟ್ಟದ ಬೆಳಗಿಗಿಂತ ಸ್ವಲ್ಪ ಜಾಸ್ತಿ, ಒಂದು ಸ್ವೆಟರ್ ಸಾಕು.